ಮಲ್ಪೆಯ ಕಲ್ಲುಕಂಬಗಳು ಮತ್ತು ನಮ್ಮ ಇತಿಹಾಸ

ಭೂಮಿಯಲ್ಲಿ ಸಂಚರಿಸಿ, ಹಿಂದಿನ ಜನಾಂಗಗಳ ಗತಿ ಏನಾಯಿತೆಂಬುದನ್ನು ಕಣ್ಣಾರೆ ಕಂಡು ಪಾಠ ಕಲಿಯಬೇಕೆಂದು ಪವಿತ್ರ ಕುರ್‌ಆನ್ ಹಲವು ಕಡೆ ಬೋಧಿಸುತ್ತದೆ. ಆದರೆ ನಮ್ಮ ಶಾಲೆಗಳಲ್ಲಿ ಪ್ರವಾಸವೆಂದರೆ ಬಸ್ಸು, ಬುತ್ತಿ, ಫೋಟೋ ಇಷ್ಟೇ ಆಗಿಬಿಟ್ಟಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಮಕ್ಕಳಿಗೆ ಕಡಲು ಎಂದರೆ ಭೂಪಟದ ಅಂಚಿನ ನೀಲಿ ಬಣ್ಣ. ಹೊನ್ನಾಳಿಯಲ್ಲಿ ಹರಿಯುವ ತುಂಗಭದ್ರೆಯೂ ಪಶ್ಚಿಮದ ಕಡಲಿಗೆ ಬೆನ್ನು ತಿರುಗಿಸಿ, ಕೃಷ್ಣೆಯನ್ನು ಕೂಡಿ ಪೂರ್ವದ ಕಡಲನ್ನು ಸೇರುತ್ತಾಳೆ. ಹೀಗಿರುವಾಗ ಕರಾವಳಿಯ ಇತಿಹಾಸಕ್ಕೂ ನಮಗೂ ಏನು ಸಂಬಂಧ? ಮಲ್ಪೆಯ ದ್ವೀಪಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯೂ ಇದೇ. ಈ ಲೇಖನ ಆ ಪ್ರಶ್ನೆಗೆ ಉತ್ತರಿಸುವ ಸಣ್ಣ ಪ್ರಯತ್ನ.

ನಾವು ಶಿವಮೊಗ್ಗ, ಹೊಸನಗರ ಮಾರ್ಗವಾಗಿ ಹೊರಟೆವು. ದಾರಿಯಲ್ಲಿ ನಗರ ಎಂಬ ಊರು ಸಿಗುತ್ತದೆ. ಇಂದು ಸಣ್ಣ ಊರಾದ ಇದು ಒಂದು ಕಾಲಕ್ಕೆ ಕೆಳದಿ ಅರಸರ ರಾಜಧಾನಿ ಬಿದನೂರು. 1763ರಲ್ಲಿ ಹೈದರ್ ಅಲಿ ಇದನ್ನು ಗೆದ್ದು ಹೈದರ್‌ನಗರ ಎಂದು ಕರೆದನು. ಈಗ ಉಳಿದಿರುವುದು ‘ನಗರ’ ಮಾತ್ರ. ರಸ್ತೆಯ ಪಕ್ಕದಲ್ಲೇ ಇರುವ ಕೋಟೆಯನ್ನು ತೋರಿಸಿ, "ನಮ್ಮ ಚನ್ನಗಿರಿಗೆ ಆ ಹೆಸರು ಬಂದದ್ದು ಇದೇ ಮನೆತನದ ರಾಣಿ ಚೆನ್ನಮ್ಮಾಜಿಯಿಂದ ಎನ್ನುತ್ತಾರೆ" ಎಂದೆ. ಮಕ್ಕಳು ಕಿಟಕಿಗೆ ಮುಖವಿಟ್ಟು ನೋಡಿದರು. ಘಟ್ಟ ಇಳಿದು ಕುಂದಾಪುರ ದಾಟಿ ಮಲ್ಪೆ ಸೇರುವವರೆಗೂ ನಾವು ಸಾಗಿದ್ದು ಆ ಅರಸರ ನಾಡಿನಲ್ಲೇ. ಘಟ್ಟದ ಮೇಲಿನ ಮೆಣಸು, ಕರಾವಳಿಯ ಅಕ್ಕಿ ಅವರ ಬಂದರುಗಳಿಂದ ಹಡಗು ಹತ್ತುತ್ತಿದ್ದವು. ಇಲ್ಲಿನ ಅಕ್ಕಿಯನ್ನು ಗೋವೆಯ ಪೋರ್ಚುಗೀಸರೂ ಉಣ್ಣುತ್ತಿದ್ದರು, ಮಸ್ಕತ್ತಿನ ಅರಬರೂ ಉಣ್ಣುತ್ತಿದ್ದರು.

ಮಲ್ಪೆಯಿಂದ ದೋಣಿಯಲ್ಲಿ ಸುಮಾರು 6 ಕಿ.ಮೀ. ಸಾಗಿದರೆ ಸೇಂಟ್ ಮೇರೀಸ್ ದ್ವೀಪ. ಸ್ಥಳೀಯರು ತೋನ್ಸೆಪಾರ್ ಎಂದೂ ಕರೆಯುತ್ತಾರೆ. ಮಳೆಗಾಲದಲ್ಲಿ ದೋಣಿ ಸಂಚಾರ ಇರುವುದಿಲ್ಲ. ದ್ವೀಪದ ಅಂಚಿನ ತುಂಬ ಯಾರೋ ಉಳಿಯಿಂದ ಕೆತ್ತಿ ಜೋಡಿಸಿಟ್ಟಂತೆ ಐದು, ಆರು ಮೂಲೆಗಳ ಕಲ್ಲುಕಂಬಗಳು ನಿಂತಿವೆ. ಕೆತ್ತಿದವರು ಯಾರೂ ಇಲ್ಲ. ಸುಮಾರು 8-9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ನೆಲದೊಳಗಿಂದ ಉಕ್ಕಿದ ಲಾವಾರಸ ಇಲ್ಲಿ ಹರಡಿತು. ಅದು ಆರುತ್ತ ಕುಗ್ಗಿದಾಗ ಬಿರುಕುಗಳುಂಟಾಗಿ ಕಂಬಗಳಾದವು. ಬೇಸಿಗೆಯಲ್ಲಿ ನಮ್ಮ ಶಾಂತಿಸಾಗರದ ಅಂಚಿನ ಕೆಸರು ಒಣಗಿ ಬಿರುಕು ಬಿಡುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ದ್ವೀಪಕ್ಕೆ ಬರುವ ಪ್ರವಾಸಿಗರೆಲ್ಲ ಒಂದು ಹೆಸರು ಹೇಳುತ್ತಾರೆ: ವಾಸ್ಕೋ ಡ ಗಾಮ. ಅವನು ಕಲ್ಲಿಕೋಟೆಗೆ ಹೋಗುವ ಮೊದಲು ಇಲ್ಲಿ ಇಳಿದನೆಂಬ ಮಾತು ಪ್ರಚಾರದಲ್ಲಿದೆ. ಆದರೆ ಅವನ ಹಡಗಿನಲ್ಲಿದ್ದವರ ದಿನಚರಿ ಬೇರೆಯದನ್ನು ಹೇಳುತ್ತದೆ. ಅವನು ಕಲ್ಲಿಕೋಟೆ ಮುಟ್ಟಿದ್ದು 1498ರ ಮೇ ತಿಂಗಳಲ್ಲಿ. ಇಲ್ಲಿ ಕಲ್ಲಿನ ಸ್ತಂಭ ನೆಟ್ಟು ಸಾಂತಾ ಮರಿಯಾ ಎಂದು ಹೆಸರಿಟ್ಟದ್ದು ಹಿಂದಿರುಗುವಾಗ, ಸೆಪ್ಟೆಂಬರ್ ತಿಂಗಳಲ್ಲಿ. ಅಂದು ಇಲ್ಲಿನ ಬೆಸ್ತರು ದೋಣಿಗಳಲ್ಲಿ ಮೀನು ತಂದರೆಂದೂ, ಅವನು ಅವರಿಗೆ ಅಂಗಿಗಳನ್ನು ಕೊಟ್ಟನೆಂದೂ ದಿನಚರಿಯಲ್ಲಿದೆ. ಅಂದರೆ ಅವನು ‘ಕಂಡುಹಿಡಿಯುವ’ ಮುನ್ನವೇ ಈ ಕಡಲಲ್ಲಿ ದುಡಿದು ಬಾಳುವ ಜನರಿದ್ದರು.

ನಮ್ಮವರ ಬರಹಗಳಲ್ಲಿಯೂ ಒಂದು ತಪ್ಪು ನುಸುಳಿದೆ. ಅರಬ್ ನಾವಿಕ ಇಬ್ನ್ ಮಾಜಿದ್‌ನೇ ಗಾಮನಿಗೆ ಭಾರತದ ದಾರಿ ತೋರಿಸಿದನೆಂದು ಅಭಿಮಾನದಿಂದ ಬರೆಯುತ್ತೇವೆ. ಇಬ್ನ್ ಮಾಜಿದ್ ನೌಕಾಯಾನದ ಬಗ್ಗೆ ಗ್ರಂಥ ಬರೆದ ಮಹಾಪಂಡಿತ ಎಂಬುದು ನಿಜ. ಆದರೆ ಮಲಿಂದಿಯ ದೊರೆ ಕಳುಹಿಸಿಕೊಟ್ಟ ಆ ಮಾರ್ಗದರ್ಶಿ ಬೇರೆಯವನೆಂದು ಇತಿಹಾಸಕಾರರು ಹೇಳುತ್ತಾರೆ. ಅಭಿಮಾನಕ್ಕಾಗಿ ಸತ್ಯವನ್ನು ಬಿಡಬಾರದು.

ಹಾಗೆಯೇ ಪ್ರವಾಸಿ ಮಾರ್ಗದರ್ಶಿಗಳು ಹೇಳದ ಸತ್ಯವನ್ನೂ ಮರೆಯಬಾರದು. ನಾಲ್ಕು ವರ್ಷಗಳ ನಂತರ, 1502ರಲ್ಲಿ, ಇದೇ ಗಾಮ ಮತ್ತೆ ಬಂದು ಮಲಬಾರ್ ಕರಾವಳಿಯ ಬಳಿ ಹಜ್ ಯಾತ್ರೆ ಮುಗಿಸಿ ಮರಳುತ್ತಿದ್ದ ‘ಮೀರಿ’ ಎಂಬ ಹಡಗನ್ನು ಹಿಡಿದನು. ಅದರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಸಂಪತ್ತನ್ನು ದೋಚಿದ ಮೇಲೆ ಹಡಗಿಗೆ ಬೆಂಕಿ ಇಡಿಸಿದನು. ಹೆಂಗಸರು ತಮ್ಮ ಕೂಸುಗಳನ್ನು ಎತ್ತಿ ತೋರಿಸಿ ದಯೆ ಬೇಡಿದ್ದನ್ನು ಬರೆದಿಟ್ಟವನು ಅದೇ ನೌಕಾದಳದಲ್ಲಿದ್ದ ಪೋರ್ಚುಗೀಸ್ ಬರಹಗಾರ ತೊಮೆ ಲೋಪೆಸ್. ಇದನ್ನು ಹೇಳಿದಾಗ ಕಲ್ಲಿನ ಮೇಲೆ ಕುಳಿತಿದ್ದ ಮಕ್ಕಳು ಬಹಳ ಹೊತ್ತು ಮಾತನಾಡಲಿಲ್ಲ.

ಮರಳುವಾಗ ಬಂದರಿನ ಸಮೀಪದ ಇನ್ನೊಂದು ದ್ವೀಪ ಕಾಣಿಸಿತು. ಅದರ ಹೆಸರು ದರಿಯಾ ಬಹದ್ದೂರ್ ಗಡ. ಹೆಸರು ಕೇಳಿದೊಡನೆ ಉರ್ದು ಬಲ್ಲ ಹುಡುಗನೊಬ್ಬ ಹಿಗ್ಗಿ, "ಸರ್, ಇದು ನಮ್ಮ ಬಾದಶಹರು ಕಟ್ಟಿದ್ದಾ?" ಎಂದ. ಉರ್ದುವಿನಲ್ಲಿ ದರಿಯಾ ಎಂದರೆ ಸಾಮಾನ್ಯವಾಗಿ ನದಿ, ಫಾರ್ಸಿಯಲ್ಲಿ ಸಮುದ್ರ. ಬಹಾದುರ್ ಎಂದರೆ ವೀರ. ಆದರೆ ಆ ಕೋಟೆಯನ್ನು ಕಟ್ಟಿಸಿದವನು ಸುಲ್ತಾನನೂ ಅಲ್ಲ, ನವಾಬನೂ ಅಲ್ಲ. ಬಿದನೂರಿನ ಅರಸ ಬಸವಪ್ಪ ನಾಯಕ. ಚೆನ್ನಮ್ಮಾಜಿಯ ಮನೆತನದವನು. ಲಿಂಗಾಯತ ಅರಸನ ಕೋಟೆಗೆ ಫಾರ್ಸಿ ಹೆಸರು! ಆ ಕಾಲದಲ್ಲಿ ದಖನ್ ಪ್ರದೇಶದ ತುಂಬ ಬಿರುದು ಬಾವಲಿ, ಆಡಳಿತದ ಮಾತುಗಳಲ್ಲಿ ಫಾರ್ಸಿ ಬೆರೆತಿತ್ತು. ಅದನ್ನು ಯಾವ ಧರ್ಮದವರೂ ಪರರದೆಂದು ಎಣಿಸಲಿಲ್ಲ. ಇಂದಿಗೂ ನಾವು ಕನ್ನಡದಲ್ಲಿ ಬಂದರು, ಲಂಗರು, ತಾಲ್ಲೂಕು, ಜಿಲ್ಲೆ, ಅರ್ಜಿ, ಜಮೀನು ಎನ್ನುವಾಗ ಫಾರ್ಸಿ, ಅರಬ್ಬಿ ಪದಗಳನ್ನೇ ಆಡುತ್ತೇವೆ. ಮಾನ್ಸೂನ್ ಎಂಬ ಮಾತಿನ ಮೂಲವೂ ಅರಬ್ಬಿಯ ‘ಮೌಸಿಮ್’, ನಮ್ಮ ಮನೆಗಳ ‘ಮೌಸಮ್’. ಇವು ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರ ಸ್ವತ್ತು. ಹುಡುಗನ ಮುಖ ಸ್ವಲ್ಪ ಬಾಡಿತಾದರೂ, "ಹಾಗಾದರೆ ಅದು ನಮ್ಮ ಚನ್ನಗಿರಿಯವರದ್ದೇ ಆಯ್ತಲ್ಲ ಸರ್" ಎಂದ. ವಿದ್ಯಾರ್ಥಿನಿಯ ಪ್ರಶ್ನೆಗೆ ಅವನೇ ಉತ್ತರ ಕೊಟ್ಟಿದ್ದ!

ಊರಿಗೆ ಬಂದ ಮೇಲೆ ಇಂತಹ ಕಲ್ಲು ಜಗತ್ತಿನಲ್ಲಿ ಮತ್ತೆಲ್ಲಿದೆ ಎಂದು ಹುಡುಕಿದೆವು. ಜಪಾನಿನ ನಾಗಸಾಕಿ ಪ್ರಾಂತದ ಇಕಿತ್ಸುಕಿ ದ್ವೀಪದಲ್ಲಿ ಶಿಯೋದವಾರ ಎಂಬ ಕಡಲ ಬಂಡೆಸಾಲಿದೆ. ಅಲ್ಲಿಯೂ ಹೀಗೆಯೇ ಮೂಲೆಗಳುಳ್ಳ ಕಂಬಗಳು. ಅಚ್ಚರಿಯೆಂದರೆ ಅಲ್ಲಿಗೂ ಪೋರ್ಚುಗೀಸರ ಪ್ರಭಾವ ತಲುಪಿತ್ತು. ಗೋವೆಯಿಂದ ಹೊರಟ ಫ್ರಾನ್ಸಿಸ್ ಝೇವಿಯರ್ 1549ರಲ್ಲಿ ಜಪಾನ್ ಸೇರಿ, ಮರುವರ್ಷ ಇಕಿತ್ಸುಕಿಯ ನೆರೆಯ ಹಿರಾದೊಗೆ ಬಂದನು. ಇಕಿತ್ಸುಕಿಯ ಅನೇಕರು ಕ್ರೈಸ್ತರಾದರು. 1614ರಲ್ಲಿ ಜಪಾನಿನ ಆಡಳಿತ ಆ ಧರ್ಮವನ್ನು ದೇಶದಾದ್ಯಂತ ನಿಷೇಧಿಸಿತು, ಹಲವರನ್ನು ಕೊಲ್ಲಲಾಯಿತು. ಉಳಿದವರು ಪಾದ್ರಿಯಿಲ್ಲದೆ, ಚರ್ಚಿಲ್ಲದೆ, ಪವಿತ್ರ ಚಿತ್ರಗಳನ್ನು ಮನೆಯೊಳಗೆ ಬಚ್ಚಿಟ್ಟು, ‘ಒರಾಶೊ’ ಎಂಬ ಪ್ರಾರ್ಥನೆಗಳನ್ನು ಬಾಯಿಂದ ಬಾಯಿಗೆ ಕಲಿಸುತ್ತ ತಲೆಮಾರುಗಳ ಕಾಲ ಉಳಿಸಿಕೊಂಡರು. ನಿಷೇಧ ತೆರವಾದದ್ದು 1873ರಲ್ಲಿ.

ಓದುಗರೇ, ಒಂದು ಕಡಲಲ್ಲಿ ಹಜ್ ಯಾತ್ರಿಕರನ್ನು ಸುಟ್ಟವರ ಧರ್ಮದವರೇ ಇನ್ನೊಂದು ಕಡಲ ತೀರದಲ್ಲಿ ತಮ್ಮ ನಂಬಿಕೆಗಾಗಿ ಪ್ರಾಣ ಕೊಟ್ಟರು. ಗಾಮನ ಕ್ರೌರ್ಯಕ್ಕೆ ಇಕಿತ್ಸುಕಿಯ ರೈತ, ಬೆಸ್ತರು ಹೊಣೆಯಲ್ಲ. ಹಾಗೆಯೇ ಯಾವುದೋ ಕಾಲದ ದೊರೆಯ ಕೃತ್ಯಕ್ಕೆ ಇಂದು ನಮ್ಮ ತರಗತಿಯಲ್ಲಿ ಕುಳಿತ ಯಾವ ಮಗುವೂ ಹೊಣೆಯಲ್ಲ. ಒಂದು ಜನಾಂಗದ ಮೇಲಿನ ದ್ವೇಷ ನಮ್ಮನ್ನು ನ್ಯಾಯದಿಂದ ದೂರ ಸರಿಸಬಾರದೆಂಬುದು ಕುರ್‌ಆನಿನ ಆಜ್ಞೆ. ಇತಿಹಾಸ ಓದುವವನಿಗೆ ಇದಕ್ಕಿಂತ ದೊಡ್ಡ ನಿಯಮವಿಲ್ಲ.

ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಪ್ರವಾಸದಲ್ಲಿ ಫೋಟೋ ತೆಗೆಯುವ ಮೊದಲು ಆ ಸ್ಥಳದ ಹೆಸರನ್ನು ಕೇಳಿ, ಅದು ಯಾವ ಭಾಷೆಯದು, ಇಟ್ಟವರು ಯಾರು ಎಂದು ವಿಚಾರಿಸಿ. ನಮ್ಮದಲ್ಲದ್ದನ್ನು ನಮ್ಮದೆನ್ನುವುದು ಬೇಡ. ಎಲ್ಲರದ್ದಾಗಿರುವುದನ್ನು ಬಿಟ್ಟುಕೊಡುವುದೂ ಬೇಡ. ಮಲ್ಪೆಯ ಕಂಬಗಳು ಆರು ಮೂಲೆಗಳವಾದರೂ ಒಂದಕ್ಕೊಂದು ಒತ್ತಿಕೊಂಡು ಕೋಟ್ಯಂತರ ವರ್ಷಗಳಿಂದ ಅಲೆಗಳನ್ನು ತಡೆದು ನಿಂತಿವೆ. ನೋಡಿ ಬನ್ನಿ.