ಶ್ರವಣ ಸಾಧನದ ಬೆಲೆ: ಯಂತ್ರಕ್ಕೆಷ್ಟು, ಆರೈಕೆಗೆಷ್ಟು?

ರೇಡಿಯೋ ಕೊಂಡರೆ ರೇಡಿಯೋದ ಬೆಲೆ ಕೊಡುತ್ತೇವೆ. ಕನ್ನಡಕ ಮಾಡಿಸಲು ಹೋದರೆ ಗಾಜಿಗೆ ಇಷ್ಟು, ಚೌಕಟ್ಟಿಗೆ ಇಷ್ಟು ಎಂದು ಅಂಗಡಿಯವರು ಬಿಡಿಸಿ ಹೇಳುತ್ತಾರೆ. ಆದರೆ ಕಿವಿ ಮಂದವಾದವರು ಶ್ರವಣ ಸಾಧನ ಕೊಳ್ಳಲು ಹೋದಾಗ ಕೇಳಸಿಗುವುದು ಸಾಮಾನ್ಯವಾಗಿ ಒಂದೇ ಮೊತ್ತ. ಅದು ಕೆಲವು ಸಾವಿರವಿರಬಹುದು, ಲಕ್ಷ ರೂಪಾಯಿ ದಾಟಲೂಬಹುದು. ಅದರಲ್ಲಿ ಕಿವಿಯ ಹಿಂದೆ ಕೂರುವ ಪುಟ್ಟ ಯಂತ್ರದ ಪಾಲೆಷ್ಟು, ಪರೀಕ್ಷೆಯ ಪಾಲೆಷ್ಟು, ಮುಂದೆ ಆರು ತಿಂಗಳು ಬಂದು ಹೋಗಿ ಸರಿಪಡಿಸಿಕೊಳ್ಳುವುದರ ಪಾಲೆಷ್ಟು ಎಂಬುದು ರಸೀದಿಯಲ್ಲಿ ಕಾಣುವುದು ಅಪರೂಪ.

ಹೀಗೆ ಯಂತ್ರವನ್ನೂ ಆರೈಕೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾರುವ ಪದ್ಧತಿಗೆ ದೀರ್ಘ ಇತಿಹಾಸವಿದೆ. ಆ ಗಂಟನ್ನು ಬಿಚ್ಚಲು ನಡೆದ ಪ್ರಯತ್ನಗಳೂ ಅಷ್ಟೇ ಕುತೂಹಲಕರ.

ತುತ್ತೂರಿಯಿಂದ ವಿದ್ಯುತ್ತಿಗೆ

ವಿದ್ಯುತ್ತು ಬರುವ ಮೊದಲು ಕಿವಿ ಕೇಳದವರಿಗೆ ಇದ್ದ ಆಸರೆ ಎಂದರೆ ಶ್ರವಣ ತುತ್ತೂರಿ. ಅಗಲ ಬಾಯಿಯಿಂದ ಧ್ವನಿಯನ್ನು ಹಿಡಿದು ಕಿರಿದಾದ ತುದಿಯಿಂದ ಕಿವಿಗೆ ಸಾಗಿಸುವ ಕೊಳವೆ ಅದು. ಲಂಡನ್ನಿನ ಎಫ್.ಸಿ. ರೈನ್ ಎಂಬಾತ 1800ರ ಸುಮಾರಿನಲ್ಲಿ ಇಂಥವನ್ನು ವ್ಯಾಪಾರಕ್ಕಾಗಿ ತಯಾರಿಸತೊಡಗಿದ. ಪೋರ್ಚುಗಲ್ಲಿನ ದೊರೆ ಆರನೆಯ ಜಾನ್‌ಗಾಗಿ 1819ರಲ್ಲಿ ಸಿದ್ಧವಾದ ಸಿಂಹಾಸನವೇ ಒಂದು ಶ್ರವಣ ಸಾಧನವಾಗಿತ್ತು. ಅದರ ಕೈಗಳ ತುದಿಯಲ್ಲಿದ್ದ ಸಿಂಹದ ಬಾಯಿಗಳ ಬಳಿ ಮಾತನಾಡಿದರೆ ಧ್ವನಿ ಒಳಗಿನ ಕೊಳವೆಯ ಮೂಲಕ ದೊರೆಯ ಕಿವಿಗೆ ತಲಪುತ್ತಿತ್ತು.

ತುತ್ತೂರಿಗೆ ಒಮ್ಮೆ ಬೆಲೆ ಕೊಟ್ಟರೆ ಮುಗಿಯಿತು. ಅದಕ್ಕೆ ಬ್ಯಾಟರಿ ಬೇಡ, ಹೊಂದಾಣಿಕೆ ಬೇಡ. ನಂತರದ ಖರ್ಚು ಎಂಬುದು ಹುಟ್ಟಿಕೊಂಡದ್ದು ವಿದ್ಯುತ್ ಸಾಧನದೊಂದಿಗೆ. ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ ಎಂಬ ಎಂಜಿನಿಯರ್ 1898ರ ಹೊತ್ತಿಗೆ ಟೆಲಿಫೋನಿನ ತತ್ತ್ವವನ್ನೇ ಬಳಸಿ ವಿದ್ಯುತ್ ಶ್ರವಣ ಸಾಧನ ರೂಪಿಸಿದ. ಅವನ ಸಾಧನವನ್ನು ಬಳಸಿದವರಲ್ಲಿ ಇಂಗ್ಲೆಂಡಿನ ರಾಣಿ ಅಲೆಕ್ಸಾಂಡ್ರಾ ಕೂಡ ಒಬ್ಬಳು. 1920ರ ದಶಕದಲ್ಲಿ ನಿರ್ವಾತ ಕೊಳವೆ, ಅಂದರೆ ಹಳೆಯ ರೇಡಿಯೋಗಳಲ್ಲಿದ್ದ ವಾಲ್ವ್, ಈ ಯಂತ್ರಕ್ಕೂ ಬಂತು. ವಾಲ್ವ್ ಬಿಸಿಯಾಗಲು ಒಂದು ಬ್ಯಾಟರಿ, ಅದು ಕೆಲಸ ಮಾಡಲು ಹೆಚ್ಚು ವೋಲ್ಟಿನ ಇನ್ನೊಂದು ಬ್ಯಾಟರಿ. ಎರಡನ್ನೂ ಹೊತ್ತು ತಿರುಗಬೇಕು, ಮತ್ತೆ ಮತ್ತೆ ಬದಲಿಸಬೇಕು.

ಹೀಗಾಗಿ ಯಂತ್ರ ಮಾರಿದವನೊಡನೆ ಗಿರಾಕಿಯ ಸಂಬಂಧ ಅಂಗಡಿಯ ಬಾಗಿಲಲ್ಲಿ ಮುಗಿಯಲಿಲ್ಲ. ಕಿವಿಗೆ ಅಳತೆಯ ಅಚ್ಚು ಮಾಡಿಕೊಡಬೇಕು, ಬ್ಯಾಟರಿ ಒದಗಿಸಬೇಕು, ರಿಪೇರಿ ಮಾಡಬೇಕು. ಇದಕ್ಕಾಗಿ ಅಮೆರಿಕದ ಕಂಪನಿಗಳು ಊರೂರಿನಲ್ಲಿ ಏಜೆಂಟರನ್ನು ಇಟ್ಟವು. ಆ ಏಜೆಂಟರ ಜೀವನವೂ ಯಂತ್ರದ ಬೆಲೆಯಲ್ಲೇ ಸೇರಿತು. ಗಂಟು ಬಿದ್ದದ್ದು ಇಲ್ಲಿ.

ನಲವತ್ತು ಡಾಲರಿನ ಸವಾಲು

ಇದನ್ನು ಮೊದಲು ದೊಡ್ಡದಾಗಿ ಪ್ರಶ್ನಿಸಿದವನು ಷಿಕಾಗೋದ ಝೆನಿತ್ ರೇಡಿಯೋ ಕಂಪನಿಯ ಮುಖ್ಯಸ್ಥ ಯೂಜೀನ್ ಮೆಕ್‌ಡೊನಾಲ್ಡ್. ಸ್ವತಃ ಅವನಿಗೇ ಒಂದು ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಇತರ ಕಂಪನಿಗಳು ನೂರು ಡಾಲರಿಗೂ ಮೇಲ್ಪಟ್ಟು ಕೇಳುತ್ತಿದ್ದಾಗ, 1943ರಲ್ಲಿ ಝೆನಿತ್ ತನ್ನ ಸಾಧನವನ್ನು ಕೇವಲ 40 ಡಾಲರಿಗೆ ಮಾರುಕಟ್ಟೆಗೆ ತಂದಿತು. ಮನೆಗೆ ಬರುವ ಏಜೆಂಟ್ ಬೇಡ, ಸ್ವರದ ಹೊಂದಾಣಿಕೆಯನ್ನು ಬಳಸುವವನೇ ಬೆರಳ ತುದಿಯಿಂದ ಮಾಡಿಕೊಳ್ಳಬಹುದು ಎಂಬುದು ಅದರ ವಾದ. ಇನ್ನೊಬ್ಬರ ಕಿವಿಗೆ ಹೊಂದಿಸದೆ ಮಾರಿದ ಯಂತ್ರ ಉಪಯೋಗಕ್ಕೆ ಬಾರದು ಎಂಬುದು ಪ್ರತಿಸ್ಪರ್ಧಿಗಳ ಆಕ್ಷೇಪ.

ಝೆನಿತ್ ಬಹು ಬೇಗ ದೊಡ್ಡ ತಯಾರಕರ ಸಾಲಿಗೆ ಸೇರಿತು. ಆದರೆ ಆ ವಾದ ವಿವಾದ ಮಾತ್ರ ಮುಗಿಯಲಿಲ್ಲ. ಏಕೆಂದರೆ ಎರಡು ಕಡೆಯ ಮಾತಿನಲ್ಲೂ ಅರ್ಧ ಸತ್ಯವಿತ್ತು.

ಬ್ರಿಟನ್ನಿನ ಬೇರೆ ದಾರಿ

ಅದೇ ದಶಕದಲ್ಲಿ ಬ್ರಿಟನ್ ತೀರ ಬೇರೆ ದಾರಿ ಹಿಡಿಯಿತು. ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಲಿಯ ಸಮಿತಿಯೊಂದು, ಒಂದೇ ಬಗೆಯ ಸರಳ ವಿನ್ಯಾಸ ಹೆಚ್ಚಿನವರಿಗೆ ಸಾಕಾಗುತ್ತದೆ ಎಂದು ಅಭಿಪ್ರಾಯಪಟ್ಟಿತು. ಅಂಚೆ ಇಲಾಖೆಯ ಎಂಜಿನಿಯರರು ಆ ವಿನ್ಯಾಸಕ್ಕೆ ರೂಪ ಕೊಟ್ಟರು. ಮಂಡಲಿಯ ಹೆಸರಿನ ಅಕ್ಷರಗಳನ್ನೇ ಸೇರಿಸಿ ಅದಕ್ಕೆ ಮೆಡ್ರೆಸ್ಕೋ ಎಂದು ಹೆಸರಿಟ್ಟರು. 1948ರ ಜುಲೈನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಈ ಸಾಧನವನ್ನು ಜನರಿಗೆ ಉಚಿತವಾಗಿ ಕೊಡತೊಡಗಿದರು. ವಿಶೇಷವೆಂದರೆ ಯಂತ್ರವಷ್ಟೇ ಅಲ್ಲ, ಬ್ಯಾಟರಿ ಮತ್ತು ರಿಪೇರಿ ಕೂಡ ಉಚಿತ. ಯಂತ್ರ ಸರ್ಕಾರದ ಸೊತ್ತು, ರೋಗಿಗೆ ಎರವಲು.

ಮೆಡ್ರೆಸ್ಕೋ ಚೆಂದದ ಯಂತ್ರವೇನಾಗಿರಲಿಲ್ಲ. ಎದೆಯ ಮೇಲೊಂದು ಪೆಟ್ಟಿಗೆ, ಬ್ಯಾಟರಿಗೊಂದು ಪ್ರತ್ಯೇಕ ಪೆಟ್ಟಿಗೆ, ನಡುವೆ ತಂತಿ. ಅದಕ್ಕಾಗಿ ಜನ ಉದ್ದನೆಯ ಸರದಿಯಲ್ಲಿ ಕಾಯಬೇಕಾಯಿತು. ಆದರೆ ಅಮೆರಿಕದ ಮಾರುಕಟ್ಟೆ ಹೇಳದ ಒಂದು ಮಾತನ್ನು ಅದು ಹೇಳಿತು: ಕಿವಿ ಕೇಳಿಸುವುದು ಒಂದು ವಸ್ತುವಿನ ಮಾರಾಟವಲ್ಲ, ವರ್ಷಗಟ್ಟಲೆ ನಡೆಯುವ ಸೇವೆ.

ಭಾಗ ಅಗ್ಗ, ಯಂತ್ರ ದುಬಾರಿ

1947ರ ಕೊನೆಯಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಕಿವುಡರ ಶಿಕ್ಷಣಕ್ಕೆ ದುಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್‌ನ ನೆನಪಿಗಾಗಿ, ಶ್ರವಣ ಸಾಧನಗಳಲ್ಲಿ ಟ್ರಾನ್ಸಿಸ್ಟರ್ ಬಳಸುವವರಿಂದ ರಾಯಧನ ತೆಗೆದುಕೊಳ್ಳದಿರಲು ನಿರ್ಧರಿಸಲಾಯಿತು. ಸಾಮಾನ್ಯ ಜನ ಕೊಳ್ಳಬಹುದಾದ ಮೊದಲ ಟ್ರಾನ್ಸಿಸ್ಟರ್ ವಸ್ತುಗಳಲ್ಲಿ ಶ್ರವಣ ಸಾಧನವೂ ಒಂದಾದದ್ದು ಹೀಗೆ. ಹೆಚ್ಚು ವೋಲ್ಟಿನ ಬ್ಯಾಟರಿಯ ಹೊರೆ ತಪ್ಪುವ ದಿನ ಬಂತು.

ಆದರೆ ಬೆಲೆ? 1952ರ ಡಿಸೆಂಬರಿನಲ್ಲಿ ಬಂದ ಸೋನೋಟೋನ್ ಕಂಪನಿಯ ಮಾದರಿಗೆ 229 ಡಾಲರ್ 50 ಸೆಂಟ್. ಟ್ರಾನ್ಸಿಸ್ಟರ್ ರೇಡಿಯೋ ಮುಂದೆ ವರ್ಷ ವರ್ಷಕ್ಕೆ ಅಗ್ಗವಾಯಿತು, ಶ್ರವಣ ಸಾಧನ ಆಗಲಿಲ್ಲ. ಕಾರ್ಖಾನೆಯ ಖರ್ಚು ಆ ಬೆಲೆಯ ಒಂದು ಭಾಗ ಮಾತ್ರ, ಉಳಿದದ್ದು ಮಾರುವವನ ಹೊತ್ತು, ಅಂಗಡಿ ಮತ್ತು ಲಾಭ. 1962ರಲ್ಲಿ ಅಮೆರಿಕದ ಸೆನೆಟ್ಟಿನ ಉಪಸಮಿತಿಯೊಂದು ಎಸ್ಟೆಸ್ ಕೀಫಾವರ್ ಅಧ್ಯಕ್ಷತೆಯಲ್ಲಿ ಶ್ರವಣ ಸಾಧನಗಳ ಬೆಲೆಯನ್ನೇ ವಿಷಯವಾಗಿಟ್ಟುಕೊಂಡು ವಿಚಾರಣೆ ನಡೆಸಿತು.

ಇನ್ನೊಂದು ತಿರುವೂ ಇದೆ. ಆಡಿಯಾಲಜಿಸ್ಟ್ ಎಂದು ಕರೆಯಲಾಗುವ ಶ್ರವಣ ತಜ್ಞರು ಲಾಭಕ್ಕಾಗಿ ಯಂತ್ರ ಮಾರುವುದು ನೀತಿಬಾಹಿರ ಎಂದು ಅಮೆರಿಕದಲ್ಲಿ ಅವರ ಸಂಘವೇ ಹೇಳುತ್ತಿತ್ತು. ಪರೀಕ್ಷಿಸಿ ಸಲಹೆ ಕೊಡುವವರು ಒಬ್ಬರು, ಮಾರುವವರು ಇನ್ನೊಬ್ಬರು. 1970ರ ದಶಕದ ಕೊನೆಯಲ್ಲಿ ಈ ನಿರ್ಬಂಧ ಹೋಯಿತು. ತಜ್ಞರೇ ಮಾರತೊಡಗಿದರು. ಇದರಿಂದ ಆರೈಕೆಯ ಗುಣಮಟ್ಟಕ್ಕೆ ಅನುಕೂಲವಾಯಿತೆನ್ನಬಹುದು. ಆದರೆ ತಜ್ಞರ ಶುಲ್ಕವೂ ಯಂತ್ರದ ಬೆಲೆಯೊಳಗೆ ಅಡಗಿಕೊಂಡಿತು. ಯಾವ ಯಂತ್ರ ಬೇಕೆಂದು ಹೇಳುವವರ ಸಂಪಾದನೆ ಆ ಯಂತ್ರದ ಮಾರಾಟವನ್ನೇ ಅವಲಂಬಿಸಿತು.

ಆರೈಕೆ ಏಕೆ ಬೇಕು?

ಇಷ್ಟಕ್ಕೂ ಈ ಆರೈಕೆ ಎಂದರೇನು? ಕಿವಿ ಮಂದವಾಗುವುದು ಎಂದರೆ ಎಲ್ಲ ಧ್ವನಿಯೂ ಸಮನಾಗಿ ಕಡಿಮೆಯಾಗುವುದಲ್ಲ. ವಯಸ್ಸಾದವರಲ್ಲಿ ಸಾಮಾನ್ಯವಾಗಿ ಮೊದಲು ಕುಂದುವುದು ತೀಕ್ಷ್ಣ ಸ್ವರಗಳು. ಆಗ ‘ಸ’, ‘ಶ’ದಂಥ ವ್ಯಂಜನಗಳು ಜಾರಿಹೋಗುತ್ತವೆ. ಮಾತು ಕೇಳಿಸುತ್ತದೆ, ಅರ್ಥವಾಗುವುದಿಲ್ಲ. ಒಳಕಿವಿಯ ದೋಷವಿದ್ದವರಿಗೆ ಮೆಲ್ಲನೆಯ ಧ್ವನಿ ಕೇಳದು, ಗಟ್ಟಿ ಧ್ವನಿಯಾದರೋ ಸಹಿಸಲಾಗದು. ಯಾವ ಸ್ವರವನ್ನು ಎಷ್ಟು ಹಿಗ್ಗಿಸಬೇಕೆಂಬುದನ್ನು ಒಬ್ಬೊಬ್ಬರ ಪರೀಕ್ಷೆಯ ನಕ್ಷೆ ನೋಡಿಯೇ ನಿರ್ಧರಿಸಬೇಕು. ಅಷ್ಟಾದರೂ ಮೊದಲ ದಿನ ಪಾತ್ರೆಯ ಸದ್ದು, ಕಾಗದದ ಸರಬರ ಎಲ್ಲವೂ ಕಿರಿಕಿರಿ. ಮರೆತುಹೋದ ಸದ್ದುಗಳಿಗೆ ಮೆದುಳು ಮತ್ತೆ ಒಗ್ಗಿಕೊಳ್ಳಲು ವಾರಗಳೇ ಬೇಕು. ಆ ವಾರಗಳಲ್ಲಿ ಯಾರೂ ನೋಡಿಕೊಳ್ಳದಿದ್ದರೆ ಯಂತ್ರ ಮೇಜಿನ ಖಾನೆ ಸೇರುವ ಸಂಭವವೇ ಹೆಚ್ಚು.

ಈ ಪ್ರಶ್ನೆಯನ್ನು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಲ್ಯಾರಿ ಹ್ಯೂಮ್ಸ್ ಮತ್ತು ಸಂಗಡಿಗರು ಪ್ರಯೋಗಕ್ಕೇ ಒಡ್ಡಿದರು. 2017ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 55ರಿಂದ 79 ವಯಸ್ಸಿನ 154 ಮಂದಿ ಭಾಗವಹಿಸಿದ್ದರು. ಕೆಲವರಿಗೆ ತಜ್ಞರು ಸಾಧನ ಹೊಂದಿಸಿಕೊಟ್ಟರು. ಕೆಲವರು ಅದೇ ಬಗೆಯ ಸಾಧನವನ್ನು ತಾವೇ ಆರಿಸಿಕೊಂಡರು. ಇನ್ನು ಕೆಲವರಿಗೆ ಧ್ವನಿ ಹಿಗ್ಗಿಸದ ಯಂತ್ರ ಕೊಡಲಾಯಿತು. ತಾವೇ ಆರಿಸಿಕೊಂಡವರಿಗೂ ಉಪಯೋಗವಾಯಿತು. ಆದರೆ ಆರು ವಾರಗಳ ನಂತರ ಯಂತ್ರವನ್ನು ಇಟ್ಟುಕೊಳ್ಳುತ್ತೇವೆ ಎಂದವರು ತಜ್ಞರ ಗುಂಪಿನಲ್ಲಿ ನೂರಕ್ಕೆ 81, ತಾವೇ ಆರಿಸಿಕೊಂಡವರಲ್ಲಿ ನೂರಕ್ಕೆ 55. ಜೊತೆಗೆ, ಕೆಲವರಿಂದ ಜೋಡಿಗೆ 3600 ಡಾಲರ್, ಕೆಲವರಿಂದ 600 ಡಾಲರ್ ಕಟ್ಟಿಸಿಕೊಳ್ಳಲಾಗಿತ್ತು. ಕೊಟ್ಟ ಬೆಲೆಯಿಂದ ಫಲಿತಾಂಶದಲ್ಲಿ ವ್ಯತ್ಯಾಸವಾಗಲಿಲ್ಲ. ಎಂದರೆ ಹೆಚ್ಚು ದುಡ್ಡು ಹೆಚ್ಚು ಕೇಳಿಸಲಿಲ್ಲ, ಜನರನ್ನು ಯಂತ್ರದೊಂದಿಗೆ ಉಳಿಸಿದ್ದು ಆರೈಕೆ.

ಗಂಟು ಬಿಚ್ಚಿದ ಕಾನೂನು

ಗಂಟನ್ನು ಬಿಚ್ಚಿ, ಯಂತ್ರಕ್ಕೂ ಸೇವೆಗೂ ಬೇರೆ ಬೇರೆ ಬೆಲೆ ತಿಳಿಸಬೇಕೆಂಬ ಮಾತು ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ 2016ರ ವರದಿಯಲ್ಲಿ ಸ್ಪಷ್ಟವಾಗಿ ಬಂತು. ಅಲ್ಲಿ ವೃದ್ಧರಿಗಾಗಿ 1965ರಲ್ಲಿ ಆರಂಭವಾದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಮೂಲತಃ ಶ್ರವಣ ಸಾಧನದ ವೆಚ್ಚವನ್ನು ಭರಿಸದೆ ಬಂದಿದ್ದರಿಂದ ಜನರ ಒತ್ತಾಯ ಬಲವಾಗಿತ್ತು. 2017ರಲ್ಲಿ ಕಾನೂನಾಯಿತು. 2022ರ ಅಕ್ಟೋಬರ್ 17ರಿಂದ, ಅಲ್ಪ ಅಥವಾ ಮಧ್ಯಮ ಮಟ್ಟದ ಶ್ರವಣ ನಷ್ಟವಿರುವ ವಯಸ್ಕರು ತಜ್ಞರ ಚೀಟಿಯಿಲ್ಲದೆ ಅಂಗಡಿಯಿಂದಲೇ ಸಾಧನ ಕೊಳ್ಳಬಹುದಾಯಿತು. 2024ರಲ್ಲಿ ಆಪಲ್ ಕಂಪನಿಯ ಇಯರ್‌ಫೋನನ್ನೇ ಶ್ರವಣ ಸಾಧನವಾಗಿ ಬಳಸುವ ತಂತ್ರಾಂಶಕ್ಕೂ ಅನುಮತಿ ಸಿಕ್ಕಿತು. ಮೆಕ್‌ಡೊನಾಲ್ಡ್‌ನ ವಾದ ಎಂಬತ್ತು ವರ್ಷಗಳ ನಂತರ ಕಾಯ್ದೆಯ ರೂಪ ತಳೆಯಿತು ಎನ್ನಬಹುದು.

ನಮ್ಮಲ್ಲಿ

ಭಾರತದಲ್ಲಿ ಈ ಕಥೆಯ ಒಂದು ಮುಖ್ಯ ನೆಲೆ ಮೈಸೂರು. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯ ಪರಿಸರದಲ್ಲಿದ್ದು, ದೇಶಕ್ಕೆ ಶ್ರವಣ ತಜ್ಞರನ್ನು ತಯಾರುಮಾಡುತ್ತ ಬಂದಿದೆ. ಅಲ್ಲಿ ಪರೀಕ್ಷೆ, ಯಂತ್ರದ ಆಯ್ಕೆ, ಕಿವಿಯ ಅಚ್ಚು, ಸಮಾಲೋಚನೆ ಇವೆಲ್ಲ ಬೇರೆ ಬೇರೆ ಕೆಲಸಗಳಾಗಿಯೇ ನಡೆಯುತ್ತವೆ. ಇವನ್ನು ಕಣ್ಣಾರೆ ನೋಡಿದವರಿಗೆ ಒಂದೇ ಮೊತ್ತದೊಳಗೆ ಎಷ್ಟು ಕೆಲಸ ಅಡಗಿರುತ್ತದೆ ಎಂಬುದು ತಿಳಿಯುತ್ತದೆ.

ಬಡವರಿಗಾಗಿ ಕೇಂದ್ರ ಸರ್ಕಾರದ ಅಡಿಪ್ ಯೋಜನೆ 1981ರಿಂದ ಇದೆ. ವರಮಾನ ನೋಡಿ ಸಾಧನವನ್ನು ಉಚಿತವಾಗಿ ಇಲ್ಲವೆ ರಿಯಾಯಿತಿಯಲ್ಲಿ ಕೊಡುತ್ತಾರೆ. 2017ರಲ್ಲಿ ಜಿಎಸ್‌ಟಿ ಬಂದಾಗ ಶ್ರವಣ ಸಾಧನಕ್ಕೆ ತೆರಿಗೆ ವಿನಾಯಿತಿಯೂ ಸಿಕ್ಕಿತು. ಇವೆಲ್ಲ ಯಂತ್ರದ ಬೆಲೆಯನ್ನು ಇಳಿಸುವ ಕ್ರಮಗಳು. ಆದರೆ ಬೆಳೆಯುವ ಮಗುವಿನ ಕಿವಿಗೆ ಅಚ್ಚನ್ನು ಮತ್ತೆ ಮತ್ತೆ ಬದಲಿಸಬೇಕು. ಬ್ಯಾಟರಿ ಮುಗಿಯುತ್ತಲೇ ಇರುತ್ತದೆ. ಪರೀಕ್ಷೆ ಮತ್ತೆ ಮಾಡಿಸಬೇಕು. ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತಬೇಕಾದ ತಾಯಿಗೆ ಒಂದು ದಿನದ ಕೂಲಿಯೂ ಹೋಗುತ್ತದೆ. ಉಚಿತ ಯಂತ್ರದ ನಿಜವಾದ ಬೆಲೆ ಶುರುವಾಗುವುದು ಅದು ಕೈಗೆ ಬಂದ ಮರುದಿನದಿಂದ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯ ಪ್ರಕಾರ ಶ್ರವಣ ನಷ್ಟಕ್ಕಾಗಿ ನೆರವು ಬೇಕಾದವರು ಜಗತ್ತಿನಲ್ಲಿ 43 ಕೋಟಿಗೂ ಹೆಚ್ಚು. ಇಷ್ಟು ಜನರಿಗೆ ಯಂತ್ರ ಅಗ್ಗವಾಗಲೇಬೇಕು. ಝೆನಿತ್ ತೋರಿಸಿದ್ದು ಅದು ಸಾಧ್ಯವೆಂದು. ಆರೈಕೆಯಿಲ್ಲದ ಯಂತ್ರ ಅರ್ಧ ಕೆಲಸವೆಂದು ಮೆಡ್ರೆಸ್ಕೋ ತೋರಿಸಿತು. ಬೆಲೆಯನ್ನು ಬಿಡಿಸಿ ಹೇಳುವುದೆಂದರೆ ಆರೈಕೆಯನ್ನು ಬಿಟ್ಟುಬಿಡುವುದಲ್ಲ, ಅದಕ್ಕೂ ಒಂದು ಬೆಲೆಯಿದೆ ಎಂದು ಒಪ್ಪಿಕೊಳ್ಳುವುದು.

ಹಾಗಾಗಿ ಶ್ರವಣ ಸಾಧನ ಕೊಳ್ಳುವವರು ದುಡ್ಡು ಎಣಿಸುವ ಮೊದಲು ಕೆಲವು ಪ್ರಶ್ನೆ ಕೇಳುವುದು ಒಳ್ಳೆಯದು. ಈ ಮೊತ್ತದಲ್ಲಿ ಯಂತ್ರಕ್ಕೆಷ್ಟು? ಪರೀಕ್ಷೆಗೂ ಹೊಂದಾಣಿಕೆಗೂ ಎಷ್ಟು? ಎಷ್ಟು ಸಲ, ಎಷ್ಟು ಕಾಲ ಬಂದು ಸರಿಪಡಿಸಿಕೊಳ್ಳಬಹುದು? ಅಚ್ಚು ಸಡಿಲವಾದರೆ, ಯಂತ್ರ ಕೆಟ್ಟರೆ ಖರ್ಚು ಯಾರದು? ಒಗ್ಗದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುವಿರಾ? ಉತ್ತರವನ್ನು ರಸೀದಿಯ ಮೇಲೆ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಕೇಳಿಸದವರು ಕೇಳಬೇಕಾದ ಪ್ರಶ್ನೆಗಳಿವು. ಅವರ ಪರವಾಗಿ ಮನೆಯವರಾದರೂ ಕೇಳಬೇಕು.