ಕಿಲೆಲೆಶ್ವಾದ ಒಂದು ಕಪಾಟು: ಹಾಲಿಲ್ಲದ ಅಡುಗೆಯ ಚರಿತ್ರೆ

ನೈರೋಬಿಯ ಕಿಲೆಲೆಶ್ವಾದಲ್ಲಿ ನೆಲೆಸಿರುವ ನಮ್ಮ ಸದಸ್ಯೆಯೊಬ್ಬರ ಅಡುಗೆಮನೆಯಲ್ಲಿ, ಸಾಂಬಾರ ಡಬ್ಬಿಗಳ ಮೇಲಿನ ಕಪಾಟಿನಲ್ಲಿ, ನಲವತ್ತಕ್ಕೂ ಹೆಚ್ಚು ಪಾಕಪುಸ್ತಕಗಳಿವೆ. ಎಲ್ಲವೂ ವೀಗನ್ ಅಡುಗೆಯವು. ಎಂದರೆ ಮಾಂಸ, ಮೀನು, ಮೊಟ್ಟೆಗಳಷ್ಟೇ ಅಲ್ಲದೆ ಹಾಲು, ಮೊಸರು, ತುಪ್ಪ, ಜೇನುಗಳನ್ನೂ ತ್ಯಜಿಸಿದ ಅಡುಗೆ. ಕೆಲವು ಲಂಡನ್ನಿನಿಂದ ನೆಂಟರು ತಂದುಕೊಟ್ಟವು, ಕೆಲವು ಇಲ್ಲಿಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ದೊರೆತವು. ಪುಟಗಳ ಅಂಚಿನಲ್ಲಿ ಅವರದೇ ಕನ್ನಡ ಟಿಪ್ಪಣಿಗಳಿವೆ. ಹೆಚ್ಚಿನವು ಬೇಯಿಸುವ ಹೊತ್ತನ್ನು ತಿದ್ದಿದವು. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 94 ಡಿಗ್ರಿಯಲ್ಲೇ ಕುದಿಯುತ್ತದೆ. ಲಂಡನ್ನಿನ ಪುಸ್ತಕ ಹೇಳಿದ ಹೊತ್ತಿಗೆ ಇಲ್ಲಿ ಕಾಳು ಬೇಯದು.

ಪುಸ್ತಕ ಎಲ್ಲಿ ಹುಟ್ಟಿತೆಂಬುದನ್ನು ಅವರು ಹೀಗೆ ಗಮನಿಸಿದ್ದರು. ಎಂದು ಹುಟ್ಟಿತೆಂಬುದನ್ನೂ ಗಮನಿಸಬೇಕೆಂಬುದು ನಮ್ಮ ಈ ಲೇಖನದ ಉದ್ದೇಶ. ವೈದ್ಯವೃತ್ತಿಯವರಾದ ನಮಗೆ ಇದು ಕೇವಲ ಕುತೂಹಲದ ವಿಷಯವಲ್ಲ.

ಅಡುಗೆಯನ್ನು ಬರೆದಿಡುವ ಪರಂಪರೆ ಕನ್ನಡಕ್ಕೆ ಹೊಸತಲ್ಲ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಪಾಕವಿಷಯಕ್ಕೆಂದೇ ಒಂದು ಭಾಗವಿದೆ. 16ನೆಯ ಶತಮಾನದ ಆರಂಭದಲ್ಲಿ ಮುಮ್ಮಡಿ ಮಂಗರಸನು ಷಟ್ಪದಿಯಲ್ಲಿ 'ಸೂಪಶಾಸ್ತ್ರ'ವನ್ನು ಬರೆದನು. ಮಂಗರಸ ಜೈನನಾದುದರಿಂದ ಅವನ ಗ್ರಂಥದಲ್ಲಿ ಮಾಂಸಕ್ಕೆ ಎಡೆಯಿಲ್ಲ. ಬದನೆ, ಬಾಳೆ, ಹಲಸುಗಳಿಗೆ ವಿಪುಲವಾದ ಎಡೆಯಿದೆ. ಆದರೆ ಅದು ಹಾಲು ಬಿಟ್ಟ ಅಡುಗೆಯಲ್ಲ. ತುಪ್ಪ, ಹಾಲು, ಮೊಸರುಗಳು ಅಲ್ಲಿ ಧಾರಾಳವಾಗಿವೆ.

ಹೈನನ್ನು ಬಿಡುವ ವ್ರತವೂ ನಮ್ಮಲ್ಲಿ ಉಂಟು. ಉಡುಪಿಯ ಕಡೆ ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ಶಾಕವ್ರತ, ಎರಡನೆಯದು ದಧಿವ್ರತ, ಮೂರನೆಯದು ಕ್ಷೀರವ್ರತ, ನಾಲ್ಕನೆಯದು ದ್ವಿದಳವ್ರತ. ಮೊಸರನ್ನು ಬಿಟ್ಟ ತಿಂಗಳು ಹಾಲು ಉಂಟು. ಹಾಲನ್ನು ಬಿಟ್ಟ ತಿಂಗಳು ಮೊಸರು ಉಂಟು. ತ್ಯಾಗಕ್ಕೆ ಅವಧಿಯಿತ್ತು, ಸರದಿಯಿತ್ತು.

ಇನ್ನು ದಿನದ ಊಟವನ್ನು ನೋಡೋಣ. ರಾಗಿಮುದ್ದೆ, ಬಸ್ಸಾರು, ಜೋಳದ ರೊಟ್ಟಿ, ಹುರುಳಿಕಟ್ಟು, ನೀರುದೋಸೆ, ಪತ್ರೊಡೆ: ಇವಾವುವೂ ಹಾಲನ್ನು ಬೇಡುವುದಿಲ್ಲ. ಕೀನ್ಯಾದಲ್ಲಿಯೂ ಹಾಗೆಯೇ. ಉಗಾಲಿ, ಸುಕುಮಾ ವಿಕಿ, ಗಿಥೇರಿ, ತೆಂಗಿನಹಾಲಿನಲ್ಲಿ ಬೆಂದ ಮಹರಾಗ್ವೆ ನಮ್ಮ ನಾಲಗೆಗೆ ಹೊರಗಿನವೆನಿಸುವುದಿಲ್ಲ. ಇಲ್ಲಿಯವರು ವಿಂಬಿ ಎಂದು ಕರೆದು ಉಜಿ ಗಂಜಿ ಕಾಯಿಸುವ ಧಾನ್ಯವೇ ನಮ್ಮ ರಾಗಿ. ಅದರ ತವರು ಪೂರ್ವ ಆಫ್ರಿಕದ ಎತ್ತರದ ನಾಡುಗಳೇ. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಅದು ನಮ್ಮ ಹೊಲಗಳಿಗೆ ಬಂದಿತು.

ಆದರೆ ಮುದ್ದೆಯ ಊಟ ಮುಗಿಯುತ್ತಿದ್ದುದು ಮಜ್ಜಿಗೆಯಿಂದ. ಇಲ್ಲಿಯ ಕಲೆಂಜಿನ್ ಜನರ ಮನೆಗಳಲ್ಲಿ ಉಗಾಲಿಯ ಜೊತೆಗೆ ಸೋರೆಬುರುಡೆಯಲ್ಲಿ ಹುಳಿಯಿಟ್ಟ ಮುರ್ಸಿಕ್ ಹಾಲು ಇರುತ್ತದೆ. ಎರಡು ನಾಡುಗಳಲ್ಲಿಯೂ ಕಾಳು ಸೊಪ್ಪುಗಳ ಊಟದ ಪಕ್ಕದಲ್ಲಿ ಹುಳಿಹಾಲಿನ ಪಾತ್ರೆಯೊಂದು ಇದ್ದೇ ಇತ್ತು.

ಆ ಪಾತ್ರೆಯನ್ನು ಶಾಶ್ವತವಾಗಿ ಎತ್ತಿಡುವ ಆಹಾರಕ್ರಮಕ್ಕೆ ಹೆಸರೊಂದು ದೊರೆತದ್ದು 1944ರಲ್ಲಿ. ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು 'ವೆಜಿಟೇರಿಯನ್' ಪದದ ಆದಿ ಅಂತ್ಯಗಳನ್ನು ಕೂಡಿಸಿ 'ವೀಗನ್' ಎಂದರು. ವೀಗನ್ ಸೊಸೈಟಿ ಆ ವರ್ಷವೇ ಹುಟ್ಟಿತು. 1946ರಲ್ಲಿ ಫೇ ಹೆಂಡರ್ಸನ್ ಅವರ ಪಾಕಪುಸ್ತಕ ಬಂದಿತು. ಆ ಪುಸ್ತಕ ನಮ್ಮ ಸದಸ್ಯೆಯ ಕಪಾಟಿನಲ್ಲಿಲ್ಲ. ಅದರ ಸಂತತಿ ಇದೆ.

ಇಸವಿಗಳನ್ನು ಗಮನಿಸಬೇಕು. 1926ರಲ್ಲಿ ಅಮೆರಿಕದ ಮಿನೊ ಮತ್ತು ಮರ್ಫಿ ಎಂಬ ವೈದ್ಯರು ಮಾರಕ ರಕ್ತಹೀನತೆಯ ರೋಗಿಗಳು ಯಕೃತ್ತಿನ ಆಹಾರದಿಂದ ಚೇತರಿಸಿಕೊಳ್ಳುವರೆಂದು ತೋರಿಸಿದ್ದರು. ಅದರಲ್ಲಿ ಗುಣಕೊಡುವ ವಸ್ತು ಬಿ12 ಜೀವಸತ್ವವೆಂದು ಬೇರ್ಪಟ್ಟದ್ದು 1948ರಲ್ಲಿ. ಮೊದಲ ವೀಗನರು ಹಾಲನ್ನು ತೊರೆದಾಗ ಅದರೊಡನೆ ಇನ್ನೇನನ್ನು ತೊರೆಯುತ್ತಿದ್ದೇವೆಂಬುದನ್ನು ಅರಿಯಲು ದಾರಿಯೇ ಇರಲಿಲ್ಲ. ಬಿ12ನ್ನು ಸಸ್ಯಗಳು ತಯಾರಿಸುವುದಿಲ್ಲ. ಬ್ಯಾಕ್ಟೀರಿಯಾಗಳು ಮಾತ್ರ ತಯಾರಿಸುತ್ತವೆ. ಮಾಂಸ ತಿನ್ನದವರಿಗೆ ಅದು ಮುಖ್ಯವಾಗಿ ದೊರೆಯುವುದು ಹಾಲು, ಮೊಸರು, ಮಜ್ಜಿಗೆಗಳಿಂದ.

ನಮ್ಮ ಸದಸ್ಯೆ ವೀಗನ್ ಆಗಿ ಆರು ವರ್ಷಗಳಾದ ಮೇಲೆ ಅವರ ಪಾದಗಳಲ್ಲಿ ಜೋಮು ಆರಂಭವಾಯಿತು. ಒಲೆಯ ಮುಂದೆ ಬಹಳ ಹೊತ್ತು ನಿಲ್ಲುವುದರಿಂದ ಹೀಗಾಗುತ್ತದೆ ಎಂದುಕೊಂಡರು. ಕತ್ತಲಲ್ಲಿ ಮೆಟ್ಟಿಲಿಳಿಯುವಾಗ ಕಾಲು ಎಲ್ಲಿ ಬಿತ್ತೆಂದು ತಿಳಿಯದಾದಾಗ ಸಂಘದ ಆರೋಗ್ಯ ಶಿಬಿರದಲ್ಲಿ ನಮ್ಮೊಡನೆ ಹೇಳಿದರು. ಅವರ ರಕ್ತದ ಹಿಮೋಗ್ಲೋಬಿನ್ ಸರಿಯಾಗಿಯೇ ಇತ್ತು. ಬಿ12 ತೀರ ಕೆಳಗಿತ್ತು. ಯಕೃತ್ತಿನಲ್ಲಿ ಕೂಡಿಟ್ಟ ಬಿ12 ಕೆಲವು ವರ್ಷಗಳವರೆಗೆ ನಡೆಸಿಕೊಡುತ್ತದೆ, ಆದುದರಿಂದ ಕೊರತೆ ತಡವಾಗಿ ತಲೆದೋರುತ್ತದೆ. ಸೊಪ್ಪು ಕಾಳುಗಳಲ್ಲಿ ಹೇರಳವಾಗಿರುವ ಫೋಲೇಟ್ ರಕ್ತಹೀನತೆಯನ್ನು ಮರೆಮಾಡಬಲ್ಲುದು. ಒಳಗೆ ನರಗಳ ಹಾನಿ ಮಾತ್ರ ಮುಂದುವರಿಯುತ್ತದೆ. ಚುಚ್ಚುಮದ್ದಿನಿಂದ ಅವರ ನಡಿಗೆ ಸರಿಹೋಯಿತು. ಬಲಗಾಲಿನ ಹೆಬ್ಬೆರಳಿನ ಜೋಮು ಇಂದಿಗೂ ಪೂರ್ಣವಾಗಿ ಹೋಗಿಲ್ಲ. ಇದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ.

ಮತ್ತೆ ಮೊಸರು ತಿನ್ನಿರೆಂದು ನಾವು ಹೇಳಲಿಲ್ಲ. ಪ್ರಾಣಿಗಳ ಮೇಲಿನ ಕರುಣೆಯಿಂದ ಅವರು ಮಾಡಿಕೊಂಡ ನಿರ್ಧಾರ ಗೌರವಕ್ಕೆ ಅರ್ಹವಾದುದು. ಹಾಲಿಲ್ಲದೆ ಆರೋಗ್ಯದಿಂದ ಬಾಳಬಹುದು. ಆದರೆ ಬಿ12 ಮಾತ್ರೆಯೋ ಬಿ12 ಬೆರೆಸಿದ ಆಹಾರವೋ ತಪ್ಪಬಾರದು. ಗರ್ಭಿಣಿಯರೂ ಹಾಲೂಡುವ ತಾಯಂದಿರೂ ಈ ವಿಷಯದಲ್ಲಿ ಇನ್ನಷ್ಟು ಎಚ್ಚರದಿಂದಿರಬೇಕು, ಏಕೆಂದರೆ ತಾಯಿಯ ಕೊರತೆ ಕೂಸಿಗೆ ಮುಟ್ಟುತ್ತದೆ.

ಕಳೆದ ತಿಂಗಳು ಅವರ ಮನೆಗೆ ಹೋದಾಗ ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ಪೆನ್ಸಿಲಿನಿಂದ ಎರಡು ವಿಷಯ ಬರೆದಿದ್ದರು: ಅಚ್ಚಾದ ಇಸವಿ, ಮತ್ತು ಬಿ12 ಬಗ್ಗೆ ಒಳಗೆ ಮಾತಿದೆಯೋ ಇಲ್ಲವೋ ಎಂಬುದು. ಒಂಬತ್ತು ಪುಸ್ತಕಗಳ ಮೇಲೆ 'ಇಲ್ಲ' ಎಂದಿತ್ತು. ಅವನ್ನು ಅವರು ಎಸೆದಿಲ್ಲ. ಆ ದಿನ ನಮಗೆ ಬಡಿಸಿದ ಎಣ್ಣೆಗಾಯಿಗೆ ಬೇಕಾದ ಎಳ್ಳಿನ ಅಳತೆ ಅವುಗಳಲ್ಲೊಂದರದು. ಊಟದ ಕೊನೆಗೆ ಶೇಂಗಾ ಹಾಲಿನಿಂದ ಮಾಡಿದ ಮಜ್ಜಿಗೆ ಬಂದಿತು, ಶುಂಠಿ ಕರಿಬೇವುಗಳ ಒಗ್ಗರಣೆಯೊಡನೆ. ಪಕ್ಕದ ಬಟ್ಟಲಿನಲ್ಲಿ ಅವರ ಮಾತ್ರೆಯಿತ್ತು.