ಕರ ನಿಂತ ಮೇಲೆ: ನರಗುಂದದ ರೈತ ಸಂಘಟನೆಯ ಎರಡನೆಯ ಪ್ರಶ್ನೆ

ಒಂದು ಬೇಡಿಕೆಗಾಗಿ ಹುಟ್ಟಿದ ಸಮಿತಿ, ಆ ಬೇಡಿಕೆ ಈಡೇರಿದ ಮೇಲೆ ಏನು ಮಾಡಬೇಕು? ಬಾಗಿಲು ಹಾಕಬೇಕೆ, ಹೊಸ ಕೆಲಸ ಹುಡುಕಬೇಕೆ? ನರಗುಂದದ ರೈತ ಬಂಡಾಯವನ್ನು ನಾವು ಸಾಮಾನ್ಯವಾಗಿ 1980ರ ಜುಲೈ 21ರ ಗೋಲಿಬಾರಿನ ಕತೆಯಾಗಿ ಓದುತ್ತೇವೆ. ಆದರೆ ಆ ದಿನದ ಹಿಂದೆ ರೈತರದೇ ಒಂದು ಸಮನ್ವಯ ಸಮಿತಿಯಿತ್ತು. ಆ ದಿನ ಕಳೆದ ಮೇಲೆ ಈ ಪ್ರಶ್ನೆ ಎದ್ದಿತು.

ನರಗುಂದ, ನವಲಗುಂದ, ರೋಣ ಮೂರೂ ಆಗ ಧಾರವಾಡ ಜಿಲ್ಲೆಯಲ್ಲಿದ್ದವು. ಗಜೇಂದ್ರಗಡ ಆಗ ರೋಣ ತಾಲೂಕಿನ ಊರಾಗಿತ್ತು. ಮಳೆ ನಂಬಿ ಜೋಳ, ಹತ್ತಿ ಬೆಳೆಯುತ್ತಿದ್ದ ಎರಿ ಹೊಲಗಳಿಗೆ 1970ರ ದಶಕದಲ್ಲಿ ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟೆಯಿಂದ ಮಲಪ್ರಭೆಯ ಕಾಲುವೆ ನೀರು ಹರಿಯತೊಡಗಿತು. ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು ರೂಪಿಸಿದ ವರಲಕ್ಷ್ಮಿ ಹತ್ತಿಯೂ ಅದೇ ಹೊತ್ತಿಗೆ ಬಂತು. ಬೀಜ, ಗೊಬ್ಬರ, ಔಷಧಿಗೆ ರೈತರು ಸಾಲ ಮಾಡಿದರು. ಮೊದಲು ಲಾಭ ಕಂಡಿತು. ಆಮೇಲೆ ಹತ್ತಿಯ ಬೆಲೆ ಕುಸಿಯಿತು. ನೀರು ಹೆಚ್ಚಾದ ಕಡೆ ಭೂಮಿ ಸವಳು-ಜವಳಾಯಿತು. ಕಾಲುವೆಯ ಕೊನೆಯ ಭಾಗಕ್ಕೆ ನೀರು ಸರಿಯಾಗಿ ಮುಟ್ಟಲೇ ಇಲ್ಲ. ಇಂಥ ಹೊತ್ತಿನಲ್ಲಿ ನೀರಿನ ಕರದ ಜೊತೆಗೆ ಅಭಿವೃದ್ಧಿ ಕರವೂ ಬಂತು. ನೀರಾವರಿಯಿಂದ ಹೊಲದ ಬೆಲೆ ಏರಿದೆ, ಅದರ ಪಾಲು ಕಟ್ಟಿ ಎಂಬುದು ಸರ್ಕಾರದ ಲೆಕ್ಕ. ನೀರೇ ಕಾಣದ ಹೊಲಕ್ಕೆ ಯಾವ ಅಭಿವೃದ್ಧಿ ಎಂಬುದು ರೈತರ ಲೆಕ್ಕ.

ಮಲಪ್ರಭಾ ನೀರಾವರಿ ಪ್ರದೇಶದ ರೈತರ ಸಮನ್ವಯ ಸಮಿತಿ ಹುಟ್ಟಿದ್ದು ಈ ಎರಡು ಲೆಕ್ಕಗಳ ನಡುವೆ. ಅದರ ಹೆಸರಿನಲ್ಲೇ ಅದರ ಕೆಲಸವಿತ್ತು. ಊರೂರಿನ ಸಿಟ್ಟನ್ನು ಒಂದು ಮನವಿಯಾಗಿಸುವುದು, ಆ ಮನವಿಗೆ ಉತ್ತರ ಬಾರದಿದ್ದಾಗ ಎಲ್ಲರನ್ನೂ ಒಂದೇ ದಿನ ಒಂದೆಡೆ ಸೇರಿಸುವುದು. ಸಿಟ್ಟು ರೈತರದು, ಅದಕ್ಕೊಂದು ದಾರಿ ಮಾಡಿಕೊಟ್ಟದ್ದು ಸಮಿತಿ.

ಜುಲೈ 21ರಂದು ನರಗುಂದದಲ್ಲಿ ರೈತರು ತಹಶೀಲ್ದಾರ ಕಚೇರಿಗೆ ಮುತ್ತಿಗೆ ಹಾಕಿದರು. ಪೊಲೀಸರ ಗುಂಡಿಗೆ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಬಲಿಯಾದರು. ಅದೇ ದಿನ ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಸತ್ತರು. ರೊಚ್ಚಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಈ ಚರಿತ್ರೆ ಹೇಳುವವರು ಅದನ್ನು ಬಿಟ್ಟು ಹೇಳಬಾರದು. ಚಳವಳಿ ನಾಡಿನ ಬೇರೆ ಕಡೆಗೂ ಹಬ್ಬಿತು. ಗುಂಡೂರಾವ್ ಸರ್ಕಾರ ಕರದ ವಿಷಯದಲ್ಲಿ ಹಿಂದೆ ಸರಿಯಿತು.

ಸಮಿತಿ ಹುಟ್ಟಿದ ಉದ್ದೇಶ ಅಲ್ಲಿಗೆ ಮುಕ್ಕಾಲು ಮುಗಿದಿತ್ತು. ಸಾಲ ಮತ್ತು ಬೆಲೆಯ ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು. ಕಾಲುವೆ ಕಾಣದ ಗಜೇಂದ್ರಗಡದ ಕಡೆಯ ಒಣಬೇಸಾಯದ ರೈತನಿಗೆ ಅಭಿವೃದ್ಧಿ ಕರದ ಚಿಂತೆಯಿರಲಿಲ್ಲ. ಬೆಲೆ ಬಿದ್ದಾಗ ಅವನೂ ನರಗುಂದದವನಷ್ಟೇ ಕುಸಿಯುತ್ತಿದ್ದ. ನೀರಾವರಿ ರೈತರ ಸಮಿತಿ ಅವನನ್ನು ಒಳಗೊಳ್ಳಬೇಕಾದರೆ ಅದರ ಉದ್ದೇಶವೇ ಬದಲಾಗಬೇಕಿತ್ತು.

ಆ ಕೆಲಸವನ್ನು ಬೇರೆಯವರು ಕೈಗೆತ್ತಿಕೊಂಡರು. ವಿರೋಧ ಪಕ್ಷಗಳ ಪ್ರಗತಿಪರ ರಂಗ 1981ರ ಆರಂಭದಲ್ಲಿ ನರಗುಂದದಿಂದ ಬೆಂಗಳೂರಿಗೆ ಜಾಥಾ ನಡೆಸಿತು. ಶಿವಮೊಗ್ಗದ ಕಬ್ಬು ಬೆಳೆಗಾರರ ನಡುವಿನಿಂದ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್ ಮುಂತಾದವರು ಕಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ ಬೆಲೆ ಮತ್ತು ಸಾಲವನ್ನು ಇಡೀ ರಾಜ್ಯದ ಪ್ರಶ್ನೆಯಾಗಿಸಿತು. ಅಪ್ಪಣೆಯಿಲ್ಲದೆ ಸಾಲ ವಸೂಲಿಗೆ ಬರಬೇಡಿ ಎಂಬ ಫಲಕಗಳು ಹಳ್ಳಿಗಳ ಬಾಯಲ್ಲಿ ನಿಂತವು. 1992ರ ಹೊತ್ತಿಗೆ ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದಲ್ಲಿ ಸಂಘ ಬೆಂಗಳೂರಿನ ಕಾರ್ಗಿಲ್ ಕಂಪನಿಯ ಕಚೇರಿಗೆ ನುಗ್ಗಿತ್ತು. ತಾಲೂಕಿನ ಕರದಿಂದ ಜಗತ್ತಿನ ಬೀಜ ವ್ಯಾಪಾರದವರೆಗೆ ಹನ್ನೆರಡೇ ವರ್ಷಗಳ ದಾರಿ. ಆ ದಾರಿಗೆ ಬೆಲೆಯೂ ಇತ್ತು. ಚುನಾವಣೆ ಬಂತು, ಒಡಕು ಬಂತು, ಹಸಿರು ಶಾಲು ಹಲವು ಬಣಗಳ ಗುರುತಾಯಿತು. ಅಷ್ಟರಲ್ಲಿ ಮಲಪ್ರಭೆಯ ಕಾಲುವೆ ಒಣಗುತ್ತಿತ್ತು.

2015ರ ಜುಲೈನಲ್ಲಿ ನರಗುಂದದ ರೈತರು ಮತ್ತೆ ಧರಣಿ ಕೂತರು. ಈ ಸಲದ ಬೇಡಿಕೆ ಕಳಸಾ-ಬಂಡೂರಿ ಹಳ್ಳಗಳ ಮೂಲಕ ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬುದು. 1980ರಲ್ಲಿ ನೀರಿನ ಹೆಸರಿನ ಕರ ಬೇಡವೆಂದವರ ಮಕ್ಕಳು, ಕರ ಕಟ್ಟಲು ಕಾರಣವಾಗುವಷ್ಟು ನೀರಾದರೂ ಬರಲಿ ಎಂದು ಕೇಳುತ್ತಿದ್ದರು. 2016ರ ಜುಲೈನಲ್ಲಿ ನ್ಯಾಯಮಂಡಳಿ 7.56 ಟಿಎಂಸಿ ಅಡಿಯ ಮಧ್ಯಂತರ ಕೋರಿಕೆಯನ್ನು ತಳ್ಳಿಹಾಕಿತು. 2018ರ ಆಗಸ್ಟ್‌ನ ಅಂತಿಮ ತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಹಂಚಿತು. ಅದರಲ್ಲಿ ಕಳಸಾ-ಬಂಡೂರಿಯ ಪಾಲು 3.9. ಅಧಿಸೂಚನೆ ಬಂದದ್ದು 2020ರ ಫೆಬ್ರವರಿಯಲ್ಲಿ. ಅಷ್ಟಾದರೂ ಅದು ಕುಡಿಯುವ ನೀರಿನ ಲೆಕ್ಕ. ಹೊಲದ ಬಾಯಾರಿಕೆ ತೀರಿಸುವಂಥದ್ದಲ್ಲ.

ನರಗುಂದದ ವೀರಗಲ್ಲಿನ ಮುಂದೆ ಪ್ರತಿ ಜುಲೈ 21ರಂದು ರೈತರು ಸೇರುತ್ತಾರೆ, ಬಣಗಳೂ ಸೇರುತ್ತವೆ. ಸ್ಮರಣೆಗೆ ಆ ಕಲ್ಲು ಸಾಕು. ಸಂಘಟನೆಯ ಉದ್ದೇಶ ಮಾತ್ರ ಹಿಂದಿನವರ ತ್ಯಾಗದಿಂದ ತಾನಾಗಿ ಹೊಸದಾಗುವುದಿಲ್ಲ. ಆ ಸಮನ್ವಯ ಸಮಿತಿಗೆ ಬಲ ಬಂದದ್ದು ರೈತ ಏನು ಕೇಳಬೇಕೆಂದು ಅದು ಹೇಳಿಕೊಟ್ಟಿದ್ದರಿಂದಲ್ಲ. ಅವನು ಆಗಲೇ ಆಡುತ್ತಿದ್ದ ಮಾತನ್ನು ಅದು ಕಿವಿಗೊಟ್ಟು ಕೇಳಿತ್ತು. ಇಂದು ಆ ಮಾತು ನರಗುಂದದಲ್ಲಿ ಕಾಲುವೆಯ ಬಗ್ಗೆ ಇರಬಹುದು, ರೋಣದಲ್ಲಿ ಹೆಸರು-ಕಡಲೆಯ ಬೆಲೆಯ ಬಗ್ಗೆ, ಗಜೇಂದ್ರಗಡದ ಮಡ್ಡಿ ಹೊಲದಲ್ಲಿ ಬರೀ ಮಳೆಯ ಬಗ್ಗೆ. ಈ ಮೂರನ್ನೂ ಒಂದೇ ಮನವಿಯಲ್ಲಿ ಬರೆಯಬಲ್ಲ ಸಂಘಟನೆಗೆ 1980ರ ಹೆಸರು ಹೇಳುವ ಹಕ್ಕಿದೆ.